ಒಂದು ವಾರ ನಮ್ಮ ರೂಮಿನ ಕಸ ತೂಗಿದೆ. ಈಗ ಎಲ್ಲಿಂದ ಶುರು ಮಾಡಲಿ?

ಸುರಪುರದವಳು

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಬಿಎಸ್ಸಿ ಎರಡನೇ ವರ್ಷ ಓದುತ್ತಿದ್ದೇನೆ. ಊರು ಸುರಪುರದ ಕಡೆ. ಸೇಡಂ ರಸ್ತೆ ಹತ್ತಿರ ಒಂದು ಮನೆಯ ಮಾಳಿಗೆ ಮೇಲಿನ ರೂಮಿನಲ್ಲಿ ಮೂವರು ಹುಡುಗಿಯರು ಇದ್ದೇವೆ. ಅಡುಗೆ ಮಾಡುವುದಿಲ್ಲ, ಬರೀ ಚಹಾ. ಮಧ್ಯಾಹ್ನ ಕಾಲೇಜಿನಲ್ಲೇ ಏನಾದರೂ ತಿನ್ನುತ್ತೇವೆ. ರಾತ್ರಿ ಊಟ ಖಾನಾವಳಿಯಿಂದ ಪಾರ್ಸೆಲ್.

ಒಂದು ದಿನ ಮನೆ ಮಾಲೀಕರ ಹೆಂಡತಿ ಮೆಟ್ಟಿಲ ಕೆಳಗೆ ನಿಂತು, "ಮೂರೇ ಮಂದಿ ಹುಡಿಗ್ಯಾರು ಅದೀರಿ, ಕಸ ನೋಡಿದ್ರ ಮದಿವಿ ಮನಿ ಕಸ ಇದ್ದಂಗ ಅದ" ಎಂದರು. ನನಗೆ ಸಿಟ್ಟು ಬಂತು. ಅಷ್ಟೆಲ್ಲಿ ಆಗುತ್ತದೆ ಎಂದು ವಾದ ಮಾಡಿದೆ. ರೂಮಿನವಳೊಬ್ಬಳ ಹತ್ತಿರ ಬ್ಯಾಗ್ ತೂಗುವ ಕೊಕ್ಕೆ ಕಾಟಾ ಇತ್ತು. ಬಾ, ತೂಗಿಯೇ ಬಿಡೋಣ ಅಂದಳು. ಏಳು ದಿನ ತೂಗಿದೆವು. ವಾದದಲ್ಲಿ ಆಂಟಿಯೇ ಗೆದ್ದರು.

ತಿನ್ನದೆ ಉಳಿದ ಅನ್ನ, ಸಾರು, ಚಹಾ ಪುಡಿ, ಹಣ್ಣಿನ ಸಿಪ್ಪೆ ಸೇರಿ 4 ಕೆಜಿ 300 ಗ್ರಾಂ. ಕಾಗದ, ರಟ್ಟು ಒಂದು ಕೆಜಿ ಹತ್ತಿರ. ಪ್ಲಾಸ್ಟಿಕ್ ಎಷ್ಟು ಗೊತ್ತಾ? ಬರೀ 600 ಗ್ರಾಂ. ಪ್ಲಾಸ್ಟಿಕ್ಕೇ ಜಾಸ್ತಿ ಇರುತ್ತದೆ ಎಂದು ನಾನು ಅಂದುಕೊಂಡಿದ್ದೆ. ತೂಕ ಇಲ್ಲ, ಆದರೆ ಬಕೆಟ್ ತುಂಬಿಸಿದ್ದು ಅದೇ. ಕೂತು ಎಣಿಸಿದೆ. ದಿನಾ ಎರಡು ಪಾರ್ಸೆಲ್ ತಂದು ಮೂವರು ಹಂಚಿಕೊಳ್ಳುತ್ತೇವೆ. ಒಂದರಲ್ಲಿ ಅನ್ನ, ಸಾರು, ಪಲ್ಯ, ಚಟ್ನಿಗೆ ನಾಲ್ಕು ತೆಳು ಪ್ಯಾಕೆಟ್. ಎರಡಕ್ಕೂ ಸೇರಿ ಮೇಲೊಂದು ಕ್ಯಾರಿ ಬ್ಯಾಗ್. ವಾರಕ್ಕೆ 63. ಅರ್ಧ ಸಾರು ಉಳಿದ ಪ್ಯಾಕೆಟ್ಟಿಗೆ ಮತ್ತೆ ಗಂಟು ಹಾಕಿ ಎಸೆಯುವವರು ನಾವೇ.

ಇದರ ಜೊತೆ ನೀರಿನ ಬಾಟಲಿ 11, ಶಾಂಪೂ ಪ್ಯಾಕೆಟ್ 9, ಇಂಕ್ ಮುಗಿದ ಪೆನ್ 4. ಒಂದು ಪ್ರಾಜೆಕ್ಟಿಗೆ ಒಂದೇ ಬದಿ ಪ್ರಿಂಟ್ ಹಾಕಿ, ತಪ್ಪಾಯಿತು ಎಂದು ಎಸೆದ 40 ಹಾಳೆ. ಮುಟ್ಟಿನ ಪ್ಯಾಡ್ ತೂಗಲಿಲ್ಲ. ಆದರೆ ಅದೂ ಕಸವೇ ಅಲ್ವಾ.

ಒಂದು ವಿಷಯ ತಲೆಯಲ್ಲೇ ಉಳಿಯಿತು. ಅದೇ ವಾರ ಅವ್ವ ಊರಿಂದ ಬಸ್ಸಿನಲ್ಲಿ ಬುತ್ತಿ ಕಳಿಸಿದ್ದಳು. ಕಂಡಕ್ಟರ್ ಅಣ್ಣನ ಕೈಗೆ ಕೊಟ್ಟರೆ ಶಹಾಪುರ, ಜೇವರ್ಗಿ ದಾಟಿ ಇಲ್ಲಿಗೆ ಬರುತ್ತದೆ. ಹಳೇ ಸೀರೆ ತುಂಡಿನಲ್ಲಿ ಕಟ್ಟಿದ 30 ಕಟಕ ರೊಟ್ಟಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಶೇಂಗಾ ಹಿಂಡಿ. ರೊಟ್ಟಿ ಮುಗಿದವು. ಬಟ್ಟೆ, ಬಾಟಲಿ ಬಂದ ದಾರಿಯಲ್ಲೇ ವಾಪಸ್ ಹೋದವು. ಆ ಗಂಟಿನಿಂದ ನಮ್ಮ ಬಕೆಟ್ಟಿಗೆ ಬಿದ್ದದ್ದು ಸೊನ್ನೆ. ಅವ್ವನಿಗೆ ಇದೆಲ್ಲ ಯಾರೂ ಹೇಳಿಕೊಟ್ಟಿಲ್ಲ. ಬಟ್ಟೆ ವಾಪಸ್ ಬರದಿದ್ದರೆ ಮುಂದಿನ ಸಲ ಬೈಗಳ ಜೊತೆ ರೊಟ್ಟಿ ಬರುತ್ತವೆ, ಅಷ್ಟೇ.

ಈಗ ನನ್ನ ಪ್ರಶ್ನೆ. ರೂಮಿನಲ್ಲಿ ಇರುವವರು, ಜಾಸ್ತಿ ರೊಕ್ಕ ಇಲ್ಲದವರು, ಮೊದಲು ಯಾವುದಕ್ಕೆ ಕೈ ಹಾಕಬೇಕು? ನೆಟ್ಟಿನಲ್ಲಿ ನೋಡಿದರೆ ಬಿದಿರಿನ ಬ್ರಷ್ ತಗೊಳ್ಳಿ, ಸ್ಟೀಲ್ ಸ್ಟ್ರಾ ತಗೊಳ್ಳಿ ಎನ್ನುತ್ತಾರೆ. ಕಸ ಕಡಿಮೆ ಮಾಡಲು ಇನ್ನಷ್ಟು ಸಾಮಾನು ಕೊಳ್ಳಬೇಕಾ?

ಇನ್ನೊಂದು. ನಗಬೇಡಿ. ಖಾನಾವಳಿಗೆ ಡಬ್ಬಿ ಒಯ್ದರೆ ಅರ್ಧ ಸಮಸ್ಯೆ ಮುಗಿಯುತ್ತದೆ ಎಂದು ನನಗೂ ಗೊತ್ತು. ಆದರೆ ರಾತ್ರಿ ಎಂಟಕ್ಕೆ ಅಲ್ಲಿ ಇಪ್ಪತ್ತು ಮಂದಿ ನಿಂತಿರುತ್ತಾರೆ. ಅವರ ನಡುವೆ "ಇದರಲ್ಲಿ ಹಾಕಿ ಕೊಡ್ರಿ" ಎಂದು ಕೇಳಲು ನನಗೆ ನಾಲಿಗೆ ಏಳುವುದಿಲ್ಲ. ಎರಡು ಸಲ ಡಬ್ಬಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೋಗಿ, ಪ್ಯಾಕೆಟ್ ಹಿಡಿದು ವಾಪಸ್ ಬಂದಿದ್ದೇನೆ.

ಮಿರ್ಚಿ ಭಜಿ

ಡಬ್ಬಿ ಒಯ್ದು ಪ್ಯಾಕೆಟ್ ತಂದವರ ಸಂಘಕ್ಕೆ ಸ್ವಾಗತ. ನಾನು ಅಧ್ಯಕ್ಷ.

ಭಂಗಾರ ಅಂಗಡಿ ಮಗ

ತಂಗಿ, ನಮ್ಮಪ್ಪನದು ಭಂಗಾರದ ಅಂಗಡಿ, ಅಂದರೆ ಗುಜರಿ. ಶಾಲೆಯಲ್ಲಿ ಇದ್ದಾಗ ಬಂಗಾರದ ಅಂಗಡಿ ಎಂದು ಹೇಳಿ ಎರಡು ವರ್ಷ ಮರ್ಯಾದೆ ಉಳಿಸಿಕೊಂಡಿದ್ದೆ. ರಜೆಯಲ್ಲಿ ಅಲ್ಲೇ ಕೂತು ಆರಿಸುತ್ತೇನೆ. ಹಾಗಾಗಿ ನಮ್ಮ ಕಡೆಯಿಂದ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ನೀವು 63 ಪ್ಯಾಕೆಟ್ ಎಣಿಸಿದ್ದೀರಿ. ಅವುಗಳಲ್ಲಿ ಒಂದನ್ನೂ ನಾವು ತಗೊಳ್ಳುವುದಿಲ್ಲ. ಸಾರು ಮೆತ್ತಿದ ತೆಳು ಪ್ಲಾಸ್ಟಿಕ್ಕನ್ನು ತೊಳೆಯಲು ಬೇಕಾಗುವ ನೀರು ಮತ್ತು ಕೂಲಿ ಅದರ ಬೆಲೆಗಿಂತ ಜಾಸ್ತಿ. ಚಿಪ್ಸ್ ಪ್ಯಾಕೆಟ್, ಶಾಂಪೂ ಪ್ಯಾಕೆಟ್ಟೂ ಅಷ್ಟೇ. ಒಳಗೆ ಬೆಳ್ಳಿ ಹಾಗೆ ಹೊಳೆಯುತ್ತದಲ್ಲ, ಅದು ಬೇರೆ ಪದರ. ಪ್ಲಾಸ್ಟಿಕ್ ಜೊತೆ ಅಂಟಿಸಿರುತ್ತಾರೆ. ಬಿಡಿಸಲು ಬರುವುದಿಲ್ಲ. ಚಹಾದ ಕಾಗದದ ಕಪ್ ಬರೀ ಕಾಗದ ಅಲ್ಲ, ಒಳಗೆ ಪ್ಲಾಸ್ಟಿಕ್ ಲೇಪನ ಇರುತ್ತದೆ. ರದ್ದಿಯಲ್ಲಿ ಅದು ಸಿಕ್ಕರೆ ಆರಿಸಿ ಎಸೆಯುತ್ತೇವೆ. ಅದಕ್ಕೇ ಹೇಳುತ್ತೇನೆ, ಇಂಥವು ರೂಮಿಗೆ ಬರದೇ ಇರುವಂತೆ ಮಾಡುವುದೊಂದೇ ದಾರಿ. ಬಂದ ಮೇಲೆ ಅದನ್ನು ಎಷ್ಟು ಚೆಂದ ಮಡಚಿ ಇಟ್ಟರೂ ಕಸವೇ.

ನಾವು ತಗೊಳ್ಳುವುದು ರಟ್ಟು, ನೋಟ್‌ಬುಕ್, ಬಿಳಿ ಹಾಳೆ, ನೀರಿನ ಬಾಟಲಿ, ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್, ತಗಡು. ಹಾಲಿನ ಪ್ಯಾಕೆಟ್ಟೂ ನಡೆಯುತ್ತದೆ, ಆದರೆ ತೊಳೆದು ಒಣಗಿಸಿರಬೇಕು. ಹಾಲು ಸುರಿಯುವಾಗ ಮೂಲೆ ಪೂರ್ತಿ ಕತ್ತರಿಸಬೇಡಿ, ಆ ಸಣ್ಣ ತುಂಡು ಮೋರಿಗೇ ಹೋಗುತ್ತದೆ. ಅರ್ಧ ಸೀಳಿ, ತುಂಡು ಅಲ್ಲೇ ಜೋತಾಡಲಿ.

ಬಾಟಲಿ ಬಗ್ಗೆ ಒಂದು ಮಜಾ ಹೇಳಲಾ? ಬಾಟಲಿಯ ಪ್ಲಾಸ್ಟಿಕ್ ಬೇರೆ, ಮುಚ್ಚಳದ್ದು ಬೇರೆ. ದೊಡ್ಡ ಕಾರ್ಖಾನೆಯಲ್ಲಿ ಎರಡನ್ನೂ ಪುಡಿ ಮಾಡಿ ನೀರಿಗೆ ಹಾಕುತ್ತಾರೆ. ಬಾಟಲಿ ಚೂರು ಮುಳುಗುತ್ತದೆ, ಮುಚ್ಚಳದ ಚೂರು ತೇಲುತ್ತದೆ. ನಿಮ್ಮದು ಬಿಎಸ್ಸಿ ಅಂದಿರಲ್ಲ, ರೂಮಿನಲ್ಲೇ ಕತ್ತರಿಸಿ ಬಕೆಟ್ಟಿನಲ್ಲಿ ಹಾಕಿ ನೋಡಿ.

ಬಟ್ಟೆ ಅಂಗಡಿಯವರು ಬಟ್ಟೆ ಚೀಲ ಎಂದು ಕೊಡುತ್ತಾರಲ್ಲ, ಬಣ್ಣ ಬಣ್ಣದ್ದು, ತೆಳ್ಳಗೆ? ಅದರಲ್ಲೂ ಬಹಳಷ್ಟು ಪ್ಲಾಸ್ಟಿಕ್ಕೇ. ಒಂದು ಎಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಹತ್ತಿ ಆದರೆ ಉರಿದು ಬೂದಿ ಆಗುತ್ತದೆ. ಇದು ಕರಗಿ ಮಣಿ ಆಗುತ್ತದೆ. ನಿಮ್ಮ ಅವ್ವನ ಸೀರೆ ತುಂಡಿನಲ್ಲೇ ಒಂದು ಪಿಶವಿ ಹೊಲಿಸಿಕೊಳ್ಳಿ, ಮುಗಿಯಿತು.

ಸುರಪುರದವಳು

ಅಣ್ಣಾ, ಮಾಡಿ ನೋಡಿದೆ. ಮುಚ್ಚಳ ತೇಲಿತು, ಬಾಟಲಿ ಚೂರು ತಳಕ್ಕೆ ಹೋಯಿತು. ರೂಮಿನವರು ನನಗೆ ಹುಚ್ಚು ಹಿಡಿದಿದೆ ಎಂದು ಫೋಟೋ ತೆಗೆದುಕೊಂಡಿದ್ದಾರೆ. ಕಾಗದದ ಕಪ್ಪಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅದು ಒಳ್ಳೇದು ಎಂದೇ ಕ್ಯಾಂಟೀನಿನಲ್ಲಿ ಕೇಳಿ ಕೇಳಿ ಅದರಲ್ಲೇ ಚಹಾ ಕುಡಿಯುತ್ತಿದ್ದೆ. ನಾಳೆಯಿಂದ ಗಾಜಿನ ಗ್ಲಾಸು.

ಬೀದರ್ ಅಕ್ಕ

ಪ್ಯಾಡ್ ವಿಷಯ ನೀನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟೆ. ನಾನು ದಾಟಿಸುವುದಿಲ್ಲ. ಏಕೆಂದರೆ ನಾನೂ ಹಾಸ್ಟೆಲ್ಲಿನಲ್ಲಿ ಐದು ವರ್ಷ ಕಳೆದವಳು.

ಅಂಗಡಿಯ ಪ್ಯಾಡಿನಲ್ಲಿ ಮೇಲಿನ ಪದರ, ಕೆಳಗಿನ ಪದರ ಹೆಚ್ಚಾಗಿ ಪ್ಲಾಸ್ಟಿಕ್. ಕೊಳೆಯುವುದಿಲ್ಲ. ಸುಟ್ಟರೆ ಕೆಟ್ಟ ಹೊಗೆ. ಪಾಯಖಾನೆಯಲ್ಲಿ ಹಾಕಿದರೆ ಪೈಪ್ ಕಟ್ಟುತ್ತದೆ. ಈಗ ಅದನ್ನೇ ಬಳಸುತ್ತಿದ್ದರೆ ಮೊದಲು ಇಷ್ಟು ಮಾಡು. ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕಿ, ಬೇರೆ ಇಟ್ಟು ಕೊಡು. ಕಸದ ಗಾಡಿಯ ಅಕ್ಕಂದಿರು ಕೈಯಲ್ಲೇ ಆರಿಸುತ್ತಾರೆ. ಬಿಚ್ಚಿ ನೋಡುವ ಗತಿ ಅವರಿಗೆ ಬರಬಾರದು. ಘನ ತ್ಯಾಜ್ಯ ನಿಯಮವೂ ಇದನ್ನು ಸುತ್ತಿಯೇ ಕೊಡಬೇಕು ಎನ್ನುತ್ತದೆ.

ಮುಂದಿನ ಮಾತು ಬಟ್ಟೆ ಪ್ಯಾಡ್, ಇಲ್ಲವೇ ಮುಟ್ಟಿನ ಕಪ್, ಅಂದರೆ ಒಳಗೆ ಇಟ್ಟುಕೊಂಡು, ತೊಳೆದು ಮತ್ತೆ ಬಳಸುವ ಸಣ್ಣ ಬಟ್ಟಲು. ಬಟ್ಟೆಗೆ ನೀರು ಬೇಕು, ಬಿಸಿಲು ಬೇಕು. ಕಲಬುರಗಿಯಲ್ಲಿ ಬಿಸಿಲಿಗೆ ಬರ ಇಲ್ಲ, ನೀರಿಗೆ ಇದೆ. ಆದರೆ ನಿಜವಾದ ತೊಂದರೆ ಅದೂ ಅಲ್ಲ. ಮಾಳಿಗೆ ಮೇಲೆ ಹಗ್ಗಕ್ಕೆ ಹಾಕಲು ನಮಗೆ ನಾಚಿಕೆ. ಲಂಗದ ಕೆಳಗೆ, ಬಾತ್‌ರೂಮಿನ ಮೂಲೆಯಲ್ಲಿ ಮುಚ್ಚಿ ಒಣಗಿಸುತ್ತೇವೆ. ಹಸಿ ಆರದ ಬಟ್ಟೆ ಕಟ್ಟಿಕೊಂಡರೆ ಸೋಂಕು. ನನಗೆ ಆಗಿತ್ತು. ಬಿಸಿಲಿಗೆ ಹಾಕುವ ಧೈರ್ಯ ಇಲ್ಲದಿದ್ದರೆ ಬಟ್ಟೆ ಬೇಡ.

ಕಪ್ ಸಿಲಿಕಾನಿನದು. ಒಮ್ಮೆ ಕೆಲವು ನೂರು ರೂಪಾಯಿ. ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಬರುತ್ತದೆ, ಹತ್ತು ವರ್ಷದವರೆಗೂ. ಪ್ರತಿ ಸಲ ಮುಟ್ಟಿನ ಶುರುವಿಗೆ, ಕೊನೆಗೆ ನೀರಿನಲ್ಲಿ ಐದು ನಿಮಿಷ ಕುದಿಸಬೇಕು. ಅದಕ್ಕೆ ಬೇರೆ ಪಾತ್ರೆ ಇಟ್ಟುಕೋ, ಚಹಾ ಪಾತ್ರೆ ಬೇಡ. ಮೊದಲ ಎರಡು ತಿಂಗಳು ಬೈದುಕೊಳ್ಳುತ್ತೀ. ಮೂರನೇ ತಿಂಗಳು ಮರೆತೇ ಹೋಗುತ್ತದೆ. ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಹೊಂದದಿದ್ದರೆ ಬಿಡು, ಅದಕ್ಕಾಗಿ ತಪ್ಪು ಮಾಡಿದೆ ಎಂದುಕೊಳ್ಳಬೇಡ.

ಶಾಂಪೂಗೆ ಸುಲಭ. ಮೂವರು ಸೇರಿ ಒಂದು ದೊಡ್ಡ ಬಾಟಲಿ ತಗೊಳ್ಳಿ. ಜಗಳ ಬಂದರೆ ಬಾಟಲಿ ಮೇಲೆ ಪೆನ್ನಿನಿಂದ ಗೆರೆ ಹಾಕಿ. ನಾವು ಹಾಕುತ್ತಿದ್ದೆವು.

ಸುಮ್ನೆ ಕೇಳ್ತೀನಿ

ಇಷ್ಟೆಲ್ಲ ಓದಿದೆ. ಬೇಜಾರಾಗಬೇಡಿ, ಒಂದು ಮಾತು. ನಮ್ಮ ಕಡೆ ಒಂದು ಮದುವೆಯಲ್ಲಿ ಎಲೆ ಮುಂದೆ ಕೂತ ಪ್ರತಿಯೊಬ್ಬರಿಗೂ ಒಂದು ಸಣ್ಣ ನೀರಿನ ಬಾಟಲಿ ಇಡುತ್ತಾರೆ. ಎರಡು ಗುಟುಕು ಕುಡಿದು ಎದ್ದು ಹೋಗುತ್ತಾರೆ. ಒಂದು ಊಟಕ್ಕೆ ಸಾವಿರ ಬಾಟಲಿ. ಇವರು ರೂಮಿನಲ್ಲಿ ಕೂತು 63 ಪ್ಯಾಕೆಟ್ ಎಣಿಸಿದರೆ ಏನು ಬದಲಾಗುತ್ತದೆ? ರಾಜ್ಯದಲ್ಲಿ 2016ರಲ್ಲೇ ಕ್ಯಾರಿ ಬ್ಯಾಗ್ ನಿಷೇಧ ಆಯಿತು. ದೇಶದಲ್ಲಿ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಸ್ಟ್ರಾ ಎಲ್ಲ ಬಂದ್ ಎಂದರು. ಅದೇ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನಿಗಿಂತ ತೆಳು ಚೀಲವೂ ಇಲ್ಲ ಎಂದರು. ಸಂತೆಗೆ ಹೋಗಿ ನೋಡಿ. ಇದು ಹುಡುಗಿಯರ ಡಬ್ಬಿಯಿಂದ ಆಗುವ ಕೆಲಸ ಅಲ್ಲ.

ಭಂಗಾರ ಅಂಗಡಿ ಮಗ

ಮದುವೆ ಮಾತು ನಿಜ. ಮದುವೆ ಸೀಸನ್ನಿನಲ್ಲಿ ನಮ್ಮ ಅಂಗಡಿ ಮುಂದೆ ಬಾಟಲಿ ಗುಡ್ಡ. ಆದರೆ ಆ ಹುಡುಗಿ ಕಲಬುರಗಿ ಉದ್ಧಾರ ಮಾಡುತ್ತೇನೆ ಎಂದಿಲ್ಲವಲ್ಲ. ತನ್ನ ಬಕೆಟ್ ಬಗ್ಗೆ ಕೇಳಿದ್ದಾಳೆ.

ಬೇವಿನ ಮರದ ಮೇಷ್ಟ್ರು

ಮಗಳೇ, ನಾನು ನಿವೃತ್ತ ಶಿಕ್ಷಕ, ಆಳಂದ ರಸ್ತೆ ಕಡೆ ಮನೆ. ನಿನ್ನ ಲೆಕ್ಕದಲ್ಲಿ ಎಲ್ಲರೂ 63ರ ಹಿಂದೆ ಬಿದ್ದಿದ್ದಾರೆ. ನಾನು 4 ಕೆಜಿ 300 ಗ್ರಾಂ ಹಿಂದೆ ಬೀಳುತ್ತೇನೆ.

ಅದರಲ್ಲಿ ಅನ್ನ ಎಷ್ಟು? ನನ್ನ ಅಂದಾಜು, ಅರ್ಧಕ್ಕಿಂತ ಜಾಸ್ತಿ. ನಮ್ಮ ಕಡೆಯ ಮಕ್ಕಳು ರೊಟ್ಟಿ ತಿಂದು ಎದ್ದುಬಿಡುತ್ತಾರೆ, ಅನ್ನ ಹಾಗೇ ಉಳಿಯುತ್ತದೆ. ಖಾನಾವಳಿಯಲ್ಲಿ "ಅನ್ನ ಒಂದಕ್ಕೇ ಸಾಕು, ಇನ್ನೊಂದರಲ್ಲಿ ಒಂದು ರೊಟ್ಟಿ ಜಾಸ್ತಿ ಕೊಡ್ರಿ" ಎಂದು ಹೇಳು. ಅವರಿಗೂ ಲುಕ್ಸಾನು ಇಲ್ಲ. ಇದಕ್ಕೆ ಡಬ್ಬಿಯೂ ಬೇಡ, ಬಾಯಿ ಒಂದು ಬೇಕು. ದಾಸೋಹದಲ್ಲಿ ಉಂಡ ಮೇಲೆ ತಾಟು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ನೀನು ಅಷ್ಟು ಮಾಡು ಎನ್ನುವುದಿಲ್ಲ. ಬೇಡದ್ದನ್ನು ಮನೆಗೆ ತರಬೇಡ, ಸಾಕು.

ಎರಡನೆಯದು ನಿನಗೆ ಸ್ವಲ್ಪ ಕಠಿಣ ಎನಿಸಬಹುದು. ಸಾರು ಉಳಿದ ಪ್ಯಾಕೆಟ್ಟಿಗೆ ಗಂಟು ಹಾಕಿ ಎಸೆಯುತ್ತೇವೆ ಎಂದೆಯಲ್ಲ, ಅದನ್ನು ಇವತ್ತೇ ನಿಲ್ಲಿಸು. ದನಕ್ಕೆ ಗಂಟು ಬಿಚ್ಚಲು ಬರುವುದಿಲ್ಲ. ಅನ್ನದ ವಾಸನೆಗೆ ಪ್ಲಾಸ್ಟಿಕ್ ಸಮೇತ ನುಂಗುತ್ತದೆ. ಅದು ಹೊಟ್ಟೆಯಲ್ಲಿ ಕರಗುವುದಿಲ್ಲ, ಹೊರಗೂ ಬರುವುದಿಲ್ಲ, ಉಂಡೆ ಕಟ್ಟಿ ಕೂರುತ್ತದೆ. ನಮ್ಮ ಓಣಿಯ ಒಂದು ಆಕಳ ಹೊಟ್ಟೆ ಕೊಯ್ದು ಡಾಕ್ಟರು ತೆಗೆದದ್ದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಬುಟ್ಟಿ ತುಂಬಿತ್ತು.

ಉಳಿದ ಸಿಪ್ಪೆ, ಚಹಾ ಪುಡಿಗೆ ಒಂದು ಹಳೇ ಮಣ್ಣಿನ ಗಡಿಗೆ ಸಾಕು, ಅದರಲ್ಲೇ ಕೊಳೆತು ಗೊಬ್ಬರ ಆಗುತ್ತದೆ. ತಳಕ್ಕೆ, ಪಕ್ಕಕ್ಕೆ ತೂತು ಮಾಡು. ಒಂದು ಹಿಡಿ ಹಸಿ ಕಸಕ್ಕೆ ಎರಡು ಹಿಡಿ ಒಣ ಎಲೆ. ಈಗ ಬೇವಿನ ಎಲೆ ಉದುರುವ ಕಾಲ, ರಸ್ತೆ ತುಂಬಾ ಬಿದ್ದಿರುತ್ತದೆ. ಒಂದು ಗೋಣಿಚೀಲ ತುಂಬಿಟ್ಟುಕೋ, ಆಮೇಲೆ ಸಿಗುವುದಿಲ್ಲ. ತೊಗರಿ ಹೊಟ್ಟು ಹಾಕಬಹುದಾ ಎಂದು ಕೆಲವರು ಕೇಳುತ್ತಾರೆ. ಹಾಕಬಹುದು, ಆದರೆ ಅದು ದನದ ಬಾಯಿಗೆ ಹೋಗಬೇಕಾದ್ದು. ಗಡಿಗೆ ಗೊಬ್ಬರದ ಪುಸ್ತಕಗಳಲ್ಲಿ ವಾಸನೆ ಬರುತ್ತದೆ, ನೀರು ಸೋರುತ್ತದೆ ಎಂದು ಹೆದರಿಸುತ್ತಾರೆ. ಅದು ಮಳೆ ಸೀಮೆಯವರ ಕಷ್ಟ. ನಮ್ಮ 42 ಡಿಗ್ರಿಯಲ್ಲಿ ಕಷ್ಟ ಬೇರೆ. ಎಲ್ಲ ಒಣಗಿ ಹಪ್ಪಳ ಆಗುತ್ತದೆ, ಕೊಳೆಯುವುದೇ ನಿಂತುಬಿಡುತ್ತದೆ, ಇರುವೆ ಸಂಸಾರ ಹೂಡುತ್ತವೆ. ದಿನ ಬಿಟ್ಟು ದಿನ ಒಂದು ಲೋಟ ನೀರು ಚಿಮುಕಿಸು. ಹುಳಿ ಮಜ್ಜಿಗೆ ಇದ್ದರೆ ಇನ್ನೂ ಒಳ್ಳೇದು. ಹಿಂಡಿ ನೋಡಿದರೆ ಕೈ ಒದ್ದೆ ಆಗಬೇಕು, ಹನಿ ಬೀಳಬಾರದು. ಗಡಿಗೆ ನೆರಳಿನಲ್ಲಿ ಇರಲಿ. ಸಾರು, ಎಣ್ಣೆ ಹಾಕಬೇಡ.

ನಾಚಿಕೆಯ ಬಗ್ಗೆ. ಎಂಟಕ್ಕೆ ಯಾಕೆ ಹೋಗುತ್ತೀ? ಏಳಕ್ಕೆ ಹೋಗು.

ಸುರಪುರದವಳು

ನಾಲ್ಕು ವಾರ ಆಯಿತು. ಮತ್ತೆ ಕಾಟಾ ಹಿಡಿದೆವು, ಅದಕ್ಕೇ ಬಂದೆ.

ಮೇಷ್ಟ್ರೇ, ಏಳಕ್ಕೆ ಹೋದೆ. ಅಲ್ಲಿ ಒಬ್ಬರೂ ಇರಲಿಲ್ಲ. ಮೂರು ದಿನದಿಂದ ಮನಸ್ಸಿನಲ್ಲಿ ಉರು ಹೊಡೆದ ಮಾತು ಬಾಯಿಗೆ ಬರಲೇ ಇಲ್ಲ. ಸುಮ್ನೆ ಡಬ್ಬಿ ಮುಂದೆ ಇಟ್ಟು ನಿಂತೆ. ಖಾನಾವಳಿ ಅವ್ವ ಡಬ್ಬಿ ನೋಡಿದರು, ನನ್ನ ಮುಖ ನೋಡಿದರು. "ಇಷ್ಟ್ ದಿನಾ ಎಲ್ಲಿತ್ತವಾ ಇದು? ಪ್ಯಾಕೆಟೇನ್ ಪುಕ್ಕಟೆ ಬರ್ತಾವ? ನಾ ರೊಕ್ಕಾ ಕೊಟ್ಟ ತರ್ತೀನಿ" ಎಂದು ಒಂದು ಸೌಟು ಸಾರು ಜಾಸ್ತಿಯೇ ಸುರಿದರು. ಮರುದಿನ ಅನ್ನ ಒಂದಕ್ಕೇ ಸಾಕು ಎಂದೂ ಹೇಳಿದೆ. ಈಗ ಅನ್ನ ಉಳಿಯುವುದಿಲ್ಲ, ಸಾರು ಉಳಿಯುತ್ತಿದೆ. ಸಾರು ಕಡಿಮೆ ಹಾಕ್ರಿ ಎಂದು ಹೇಳಲು ಮತ್ತೆ ಧೈರ್ಯ ಸಾಲುತ್ತಿಲ್ಲ, ಅವರು ಪ್ರೀತಿಯಿಂದ ಹಾಕುತ್ತಾರೆ.

ಈ ವಾರದ ಲೆಕ್ಕ ಹೀಗಿದೆ. ಹಸಿ ಕಸ 1 ಕೆಜಿ 700 ಗ್ರಾಂ, ಅದರಲ್ಲಿ ಅರ್ಧ ಗಡಿಗೆಗೆ ಹೋಯಿತು. ಪ್ಯಾಕೆಟ್ 63ರಿಂದ 14ಕ್ಕೆ ಇಳಿದಿದೆ. ಆ 14 ಯಾವಾಗ ಎಂದರೆ, ನಾನು ಪರೀಕ್ಷೆ ಎಂದು ಹೋಗದ ದಿನ ರೂಮಿನವಳು ಹೋದಾಗ ಬಂದವು. ಅವಳು ಡಬ್ಬಿ ಒಯ್ಯುವುದಿಲ್ಲ, ತೊಳೆಯಬೇಕಲ್ಲ ಎನ್ನುತ್ತಾಳೆ. ಜಗಳ ಆಡಿಲ್ಲ. ಶಾಂಪೂ ಬಾಟಲಿಗೆ ಗೆರೆ ಹಾಕಿದ್ದೇವೆ, ಅದಕ್ಕೆ ಜಗಳ ಆಡಿದ್ದೇವೆ. ಪೆನ್ನಿಗೆ ರಿಫಿಲ್ ತಂದೆ. ತಪ್ಪು ಪ್ರಿಂಟಿನ 40 ಹಾಳೆಯ ಖಾಲಿ ಬದಿಯಲ್ಲಿ ಗಣಿತ ಮಾಡಿ ಮುಗಿಸಿದೆ. ಕಪ್ ಇನ್ನೂ ತಂದಿಲ್ಲ ಅಕ್ಕಾ, ಸ್ಕಾಲರ್‌ಶಿಪ್ ಬರಲಿ. ಪೇಪರ್, ಕೆಂಪು ಗುರುತು ಮಾತ್ರ ತಪ್ಪಿಸಿಲ್ಲ.

ಸೋತದ್ದು ನೀರಿನ ಬಾಟಲಿಯಲ್ಲಿ. 11 ಇದ್ದದ್ದು 9. ರೂಮಿನಿಂದ ಒಯ್ದ ನೀರು ಹನ್ನೊಂದು ಗಂಟೆಗೇ ಚಹಾದಷ್ಟು ಬಿಸಿ. ತಣ್ಣನೆ ನೀರು ಬೇಕು ಅನಿಸಿದರೆ ಅಂಗಡಿಯೇ ಗತಿ. ಹಳೇ ಕಾಲುಚೀಲ ಒದ್ದೆ ಮಾಡಿ ಸ್ಟೀಲ್ ಬಾಟಲಿಗೆ ತೊಡಿಸಿದರೆ ತಂಪಾಗಿರುತ್ತದೆ ಎಂದು ಅವ್ವ ಫೋನಿನಲ್ಲಿ ಹೇಳಿದಳು. ನಿಜವಾಗಿಯೂ ಸ್ವಲ್ಪ ತಂಪಾಗುತ್ತದೆ. ಆದರೆ ಕಾಲುಚೀಲ ತೊಟ್ಟ ಬಾಟಲಿಯನ್ನು ಲ್ಯಾಬ್ ಟೇಬಲ್ ಮೇಲೆ ಇಡುವಷ್ಟು ನಾಚಿಕೆ ಇನ್ನೂ ಬಿಟ್ಟಿಲ್ಲ.

ಮೇ ರಜೆಗೆ ಮೂವರೂ ಊರಿಗೆ ಹೋಗುತ್ತೇವೆ. ಗಡಿಗೆಗೆ ನೀರು ಹಾಕುವವರು ಯಾರು ಎಂದು ಯೋಚನೆ ಆಗಿತ್ತು. ಆಂಟಿಯನ್ನು ಕೇಳಿದೆ, ಅದೇ ಮದುವೆ ಮನೆ ಆಂಟಿ. "ಹಾಕ್ತೀನಿ, ಆದ್ರ ಗೊಬ್ಬರ ನನ್ನ ಮಲ್ಲಿಗಿ ಬಳ್ಳಿಗೆ" ಎಂದಿದ್ದಾರೆ. ಒಪ್ಪಿಕೊಂಡೆ. ಮೇಷ್ಟ್ರೇ, ಆಂಟಿ ದಿನಾ ಶರಬತ್ತಿಗೆ ಹಿಂಡಿದ ನಿಂಬೆ ಸಿಪ್ಪೆಯನ್ನೂ ಗಡಿಗೆಗೆ ಹಾಕಲಾ ಎಂದು ಕೇಳುತ್ತಿದ್ದಾರೆ. ಏನು ಹೇಳಲಿ?

ಬೇವಿನ ಮರದ ಮೇಷ್ಟ್ರು

ದಿನಕ್ಕೆ ಒಂದೆರಡು ಆದರೆ ನಡೆಯುತ್ತದೆ, ಸಣ್ಣಗೆ ಹೆಚ್ಚಿ ಹಾಕಲಿ. ಜಾಸ್ತಿ ಇದ್ದರೆ ಉಪ್ಪು ಬೆರೆಸಿ ಬಿಸಿಲಿಗಿಟ್ಟು ಉಪ್ಪಿನಕಾಯಿ ಮಾಡಲು ಹೇಳು. ಕಾಲುಚೀಲದ ಬಾಟಲಿಯನ್ನು ಟೇಬಲ್ ಮೇಲೇ ಇಡು.